ಉಳಿಕೆ ಲೆಕ್ಕಕ್ಕೆ ಸಿಕ್ಕಿಬಿದ್ದ ಸುಳ್ಳು

1980ರ ಏಪ್ರಿಲ್ 24ರ ಸಂಜೆ ಅಮೆರಿಕದ ‘ನಿಮಿಟ್ಜ್’ ಯುದ್ಧನೌಕೆಯ ಮೇಲಿನಿಂದ ಎಂಟು ಹೆಲಿಕಾಪ್ಟರುಗಳು ಮೇಲೆದ್ದವು. ಟೆಹರಾನಿನಲ್ಲಿ ಒತ್ತೆಯಾಳುಗಳಾಗಿದ್ದ ಅಮೆರಿಕನ್ನರನ್ನು ಬಿಡಿಸಿ ತರುವ ಗುಟ್ಟಿನ ಕಾರ್ಯಾಚರಣೆ ಅದು. ರಾಡಾರಿಗೆ ಕಾಣದಂತೆ ತಗ್ಗಿನಲ್ಲಿ, ಕತ್ತಲಲ್ಲಿ, ರೇಡಿಯೊದಲ್ಲಿ ಒಂದು ಮಾತೂ ಆಡದೆ ಸಾವಿರ ಕಿಲೋಮೀಟರಿನಷ್ಟು ಹಾರಿ ಇರಾನಿನ ಮರುಭೂಮಿಯಲ್ಲಿ ಇಳಿಯಬೇಕಿತ್ತು. ದಾರಿಯಲ್ಲೇ ಒಂದರ ಎಚ್ಚರಿಕೆ ದೀಪ ಹೊತ್ತಿತು. ರೋಟರಿನ ಅಲಗಿನಲ್ಲಿ ಬಿರುಕು ಬಿಟ್ಟಿರಬಹುದು ಎಂಬ ಸೂಚನೆ ಅದು. ಆ ಹೆಲಿಕಾಪ್ಟರನ್ನು ಮರಳಿನಲ್ಲೇ ಬಿಟ್ಟು ಬಂದರು. ಇನ್ನೊಂದು ದೂಳಿನ ಮೋಡ ಹೊಕ್ಕಿತು. ಅದರ ಗೈರೋ ಮತ್ತು ದಿಕ್ಕು ತೋರಿಸುವ ಉಪಕರಣಗಳು ಕೈಕೊಟ್ಟವು. ಮೇಲೆ ಯಾವುದು, ಕೆಳಗೆ ಯಾವುದು ಎಂದೇ ತಿಳಿಯದ ಸ್ಥಿತಿಯಲ್ಲಿ ಪೈಲಟ್ ನೌಕೆಗೆ ಹಿಂತಿರುಗಿದ. ಮೂರನೆಯದರ ಹೈಡ್ರಾಲಿಕ್ ಕೆಟ್ಟಿತು. ಕೆಲಸಕ್ಕೆ ಕನಿಷ್ಠ ಆರು ಬೇಕಿತ್ತು, ಉಳಿದದ್ದು ಐದು. ಕಾರ್ಯಾಚರಣೆ ಅಲ್ಲಿಗೇ ರದ್ದಾಯಿತು. ಹಿಂದಿರುಗುವ ಗಡಿಬಿಡಿಯಲ್ಲಿ ಒಂದು ಹೆಲಿಕಾಪ್ಟರ್ ಸಾಗಣೆ ವಿಮಾನಕ್ಕೆ ಬಡಿದು ಎಂಟು ಮಂದಿ ಸತ್ತರು.

ಅಡ್ಮಿರಲ್ ಹಾಲೊವೇ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಯಿತು. ಮುಂದೆ ಹವೆ ತಿಳಿಯಾಗಿದೆ ಎಂದು ಗೊತ್ತಿದ್ದರೆ ಹಿಂದಿರುಗುತ್ತಿರಲಿಲ್ಲ ಎಂದು ಆ ಪೈಲಟ್ ಹೇಳಿದ. ಅವನನ್ನು ಕಾಡಿದ್ದು ಬರೀ ದೂಳಲ್ಲ, ಮುಂದಿನ ಫಲಕದಲ್ಲಿ ಯಾವುದನ್ನು ನಂಬುವುದು ಎಂಬ ಪ್ರಶ್ನೆಯೂ ಹೌದು. ಉಪಕರಣ ಪೂರ್ತಿ ಸತ್ತುಹೋದರೆ ಅಪಾಯ ಅಷ್ಟಿಲ್ಲ, ಅದನ್ನು ಬದಿಗಿಟ್ಟು ಮುಂದುವರಿಯಬಹುದು. ಮುಳ್ಳು ಎಂದಿನಂತೆ ಆಡುತ್ತ, ಅಂಕಿ ಎಂದಿನಂತೆ ಬದಲಾಗುತ್ತ, ಹೇಳುವುದೆಲ್ಲ ಸುಳ್ಳಾಗಿದ್ದರೆ ಆಗ ಹೆಲಿಕಾಪ್ಟರ್ ಗುಡ್ಡಕ್ಕೆ ಬಡಿಯುತ್ತದೆ.

ಹಾಗೆ ಸುಳ್ಳಾಡುವ ಉಪಕರಣವನ್ನು ಹಾರಾಟದ ನಡುವೆಯೇ ಹಿಡಿದು ಹೊರಗಿಡುವ ಲೆಕ್ಕ ಅಷ್ಟು ಹೊತ್ತಿಗಾಗಲೇ ಕಾಗದದ ಮೇಲಿತ್ತು. ಅದನ್ನು ಸಾಧ್ಯವಾಗಿಸಿದವರಲ್ಲಿ ಒಬ್ಬರು ಹುಟ್ಟಿ, ಓದಿ, ಇಂಜಿನಿಯರ್ ಆದದ್ದು ಪುಣೆಯಲ್ಲಿ.

ಹೆಲಿಕಾಪ್ಟರಿನ ಪಾಡು

ದಾರಿ ತಿಳಿಯುವ ವಿಷಯದಲ್ಲಿ ವಿಮಾನಕ್ಕಿಂತ ಹೆಲಿಕಾಪ್ಟರಿನ ಪಾಡು ಕಷ್ಟ. ವಿಮಾನದ ವೇಗವನ್ನು ಎದುರುಗಾಳಿಯ ಒತ್ತಡದಿಂದ ಅಳೆಯುತ್ತಾರೆ. ಹೆಲಿಕಾಪ್ಟರ್ ನಿಧಾನವಾಗಿ ಸಾಗುವಾಗ ಅಥವಾ ಒಂದೇ ಕಡೆ ತೇಲುವಾಗ ಅದರದೇ ರೋಟರ್ ಕೆಳಕ್ಕೆ ತಳ್ಳುವ ಗಾಳಿಯಲ್ಲಿ ಆ ಅಳತೆ ಅರ್ಥ ಕಳೆದುಕೊಳ್ಳುತ್ತದೆ. ಹೊಟ್ಟೆಯಡಿಯ ಡಾಪ್ಲರ್ ರಾಡಾರ್ ನೆಲಕ್ಕೆ ಕಿರಣ ಬಿಟ್ಟು, ಮರಳಿ ಬಂದದ್ದರಿಂದ ವೇಗ ಹೇಳುತ್ತದೆ. ಆದರೆ ಸಮುದ್ರ ಕನ್ನಡಿಯಂತೆ ಶಾಂತವಾಗಿದ್ದರೆ ಓರೆಯಾಗಿ ಬಿದ್ದ ಕಿರಣ ಆಚೆಗೇ ಜಾರಿಹೋಗುತ್ತದೆ, ಮರಳಿ ಬರುವುದಿಲ್ಲ. ಅಲೆಯ ನೀರೇ ಹರಿಯುತ್ತಿದ್ದರೆ ಆ ಹರಿವೂ ವೇಗದ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಕಾಂತೀಯ ದಿಕ್ಸೂಚಿಯನ್ನು ಹತ್ತಿರದ ಕಬ್ಬಿಣ ಕೆಡಿಸುತ್ತದೆ. ರೇಡಿಯೊ ಆಲ್ಟಿಮೀಟರ್ ಕಾಲಡಿಯ ನೆಲದ ಎತ್ತರ ಹೇಳೀತು, ಎದುರಿನ ಬಂಡೆಯನ್ನು ಹೇಳದು. ಜಿಪಿಎಸ್ ಸಂಕೇತ 20,200 ಕಿಲೋಮೀಟರ್ ಮೇಲಿಂದ ಬರುವಷ್ಟರಲ್ಲಿ ಎಷ್ಟು ಕ್ಷೀಣವಾಗಿರುತ್ತದೆಂದರೆ ನೆಲದ ಮೇಲಿನ ಸಣ್ಣ ಜ್ಯಾಮರ್ ಕೂಡ ಅದನ್ನು ಮುಳುಗಿಸಬಲ್ಲದು.

ಇನ್ನು ಜಡತ್ವ ನ್ಯಾವಿಗೇಶನ್. ಗೈರೋಗಳು ತಿರುಗುವಿಕೆಯನ್ನು, ಆಕ್ಸೆಲರೋಮೀಟರುಗಳು ವೇಗದ ಬದಲಾವಣೆಯನ್ನು ಅಳೆಯುತ್ತವೆ. ಅವನ್ನು ಕೂಡಿಸುತ್ತ ಹೋದರೆ ಎಲ್ಲಿದ್ದೇವೆ ಎಂದು ತಿಳಿಯುತ್ತದೆ. ಇದಕ್ಕೆ ಹೊರಗಿನವರ ಹಂಗಿಲ್ಲ, ಯಾರೂ ಇದನ್ನು ಜ್ಯಾಮ್ ಮಾಡಲಾರರು. ಆದರೆ ಕೂಡಿಸುವ ಲೆಕ್ಕದಲ್ಲಿ ತಪ್ಪೂ ಕೂಡುತ್ತದೆ. ಒಳ್ಳೆಯ ದರ್ಜೆಯ ಯಂತ್ರವೂ ಒಂದು ಗಂಟೆಯಲ್ಲಿ ಸುಮಾರು ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿಲೋಮೀಟರ್ ಆಚೀಚೆ ಆಗುತ್ತದೆ.

ಒಬ್ಬೊಬ್ಬರಿಗೂ ಒಂದೊಂದು ದೌರ್ಬಲ್ಯ. ಸಮಾಧಾನವೆಂದರೆ ಎಲ್ಲರ ದೌರ್ಬಲ್ಯವೂ ಒಂದೇ ಅಲ್ಲ. ಎಲ್ಲರ ಮಾತನ್ನೂ ಕೇಳಿ, ಯಾರ ಮಾತಿಗೆ ಯಾವಾಗ ಎಷ್ಟು ತೂಕ ಎಂದು ನಿರ್ಧರಿಸಿ ಒಂದೇ ಉತ್ತರ ಹೇಳಬಲ್ಲ ಲೆಕ್ಕವೊಂದು ಬೇಕಿತ್ತು.

ಹಳದಿ ರಕ್ಷಾಪುಟದ ವರದಿ

ಆ ಲೆಕ್ಕದ ಬೇರು ಎರಡನೇ ಮಹಾಯುದ್ಧದಲ್ಲಿದೆ. ಶತ್ರು ವಿಮಾನಕ್ಕೆ ಗುರಿಯಿಡುವ ಫಿರಂಗಿ, ವಿಮಾನ ಈಗ ಇರುವ ಕಡೆಗಲ್ಲ, ಗುಂಡು ತಲುಪುವ ಹೊತ್ತಿಗೆ ಇರಬಹುದಾದ ಕಡೆಗೆ ಹೊಡೆಯಬೇಕು. ಗದ್ದಲ ಬೆರೆತ ಹಳೆಯ ಅಳತೆಗಳಿಂದ ಮುಂದಿನದನ್ನು ಊಹಿಸುವುದು ಹೇಗೆ? ಎಂಐಟಿಯ ಗಣಿತಜ್ಞ ನಾರ್ಬರ್ಟ್ ವೀನರ್ 1942ರಲ್ಲಿ ಇದರ ಮೇಲೊಂದು ರಹಸ್ಯ ವರದಿ ಬರೆದರು. ಅದರ ಗಣಿತ ಎಷ್ಟು ಕಠಿಣವಾಗಿತ್ತೆಂದರೆ, ಹಳದಿ ರಕ್ಷಾಪುಟದ ಆ ವರದಿಯನ್ನು ಇಂಜಿನಿಯರುಗಳು ‘ಹಳದಿ ಗಂಡಾಂತರ’ ಎಂದು ಕರೆದು ದೂರವಿಟ್ಟರು. ರಷ್ಯಾದ ಕೊಲ್ಮೊಗೊರೊವ್ ಬೇರೆಯದೇ ದಾರಿಯಲ್ಲಿ ಇದೇ ಜಾಗ ತಲುಪಿದ್ದರು. 1955-56ರಲ್ಲಿ ವೀನರ್ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು, ಮುಂಬೈನ ಗಣಿತಜ್ಞ ಪೆಸಿ ಮಸಾನಿ ಅವರೊಂದಿಗೆ ಈ ಊಹೆಯ ಗಣಿತವನ್ನು ಹಲವು ಅಳತೆಗಳು ಒಟ್ಟಿಗಿರುವ ಸಂದರ್ಭಕ್ಕೆ ವಿಸ್ತರಿಸಿದರು.

ನಡುವೆ 1950ರಲ್ಲಿ ಬೆಲ್ ಲ್ಯಾಬ್ಸ್‌ನ ಬೋಡೆ ಮತ್ತು ಶಾನನ್ ಒಂದು ಸಣ್ಣ ಪ್ರಬಂಧ ಬರೆದು ವೀನರರ ಕಗ್ಗಂಟನ್ನು ಸಡಿಲಿಸಿದ್ದರು. ಬಂದ ಅಳತೆಗಳನ್ನು ಮೊದಲು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ತುಣುಕುಗಳಾಗಿ ಮಾರ್ಪಡಿಸಿಬಿಡಿ, ಆಮೇಲೆ ಊಹಿಸುವುದು ಸುಲಭ ಎಂಬುದು ಅವರ ಸಲಹೆ. ಆದರೆ ಈ ಸುಲಭದ ದಾರಿ ಕಾಲದೊಂದಿಗೆ ಸ್ವಭಾವ ಬದಲಿಸದ ಸಂಕೇತಗಳಿಗೆ ಮಾತ್ರ ಹೊಂದುತ್ತಿತ್ತು. ಏರುತ್ತ, ಇಳಿಯುತ್ತ, ತಿರುಗುತ್ತ ಹೋಗುವ ವಾಹನಕ್ಕೆ ಅದು ಒಗ್ಗುವಂಥದ್ದಲ್ಲ.

1960ರಲ್ಲಿ ರುಡಾಲ್ಫ್ ಕಾಲ್ಮನ್ ಮೆಕ್ಯಾನಿಕಲ್ ಇಂಜಿನಿಯರುಗಳ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಪ್ರಬಂಧ ಆ ಕೊರತೆಯನ್ನು ನೀಗಿಸಿತು. ಕಾಲ್ಮನ್ನರ ಸೋಸುವಿಕೆ, ಅಂದರೆ ಫಿಲ್ಟರ್, ಪ್ರತಿ ಗಳಿಗೆ ಎರಡು ಹೆಜ್ಜೆ ಇಡುತ್ತದೆ. ಮೊದಲು, ಈವರೆಗೆ ತಿಳಿದದ್ದರ ಮೇಲೆ ‘ಈಗ ಇಲ್ಲಿರಬೇಕು’ ಎಂದು ಊಹಿಸುತ್ತದೆ. ಆಮೇಲೆ ಉಪಕರಣದಿಂದ ಬಂದ ಅಳತೆಯೊಂದಿಗೆ ಆ ಊಹೆಯನ್ನು ಹೋಲಿಸಿ, ಇವೆರಡರ ವ್ಯತ್ಯಾಸದ ಒಂದು ಪಾಲಿನಷ್ಟು ತಿದ್ದಿಕೊಳ್ಳುತ್ತದೆ. ಎಷ್ಟು ಪಾಲು ಎಂಬುದು ಊಹೆ ಮತ್ತು ಅಳತೆಗಳಲ್ಲಿ ಯಾವುದು ಹೆಚ್ಚು ನಂಬಲರ್ಹ ಎಂಬುದನ್ನು ಅವಲಂಬಿಸಿರುತ್ತದೆ. ನಾಸಾದ ಏಮ್ಸ್ ಕೇಂದ್ರದ ಸ್ಟ್ಯಾನ್ಲಿ ಸ್ಮಿಟ್ ಇದರ ಬೆಲೆ ಕಂಡುಕೊಂಡು ಚಂದ್ರಯಾನದ ಪಥದ ಲೆಕ್ಕಕ್ಕೆ ಬಳಸಿದರು. ಇಂದು ಹೆಲಿಕಾಪ್ಟರಿನಿಂದ ಮೊಬೈಲಿನವರೆಗೆ ಇದು ಇಲ್ಲದ ಕಡೆಯಿಲ್ಲ.

ಪುಣೆಯಿಂದ ಹೋದ ಹುಡುಗ

ಪುಣೆಯ ಇಂಜಿನಿಯರಿಂಗ್ ಕಾಲೇಜು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಎಂ. ವಿಶ್ವೇಶ್ವರಯ್ಯ. 1854ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಓದಿ ಅವರು ಹೊರಬಂದದ್ದು 1883ರಲ್ಲಿ. ನೀರು ನಿಗದಿತ ಮಟ್ಟ ಮುಟ್ಟಿದಾಗ ತಾನೇ ತೆರೆದು, ಇಳಿದಾಗ ತಾನೇ ಮುಚ್ಚುವ ಅವರ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಮೊದಲು ಕೂತದ್ದೂ ಪುಣೆಯ ಪಕ್ಕದ ಖಡಕ್‌ವಾಸ್ಲಾ ಜಲಾಶಯದಲ್ಲಿ.

ವಿಶ್ವೇಶ್ವರಯ್ಯನವರು ಓದಿದ ಆ ಕಾಲೇಜಿನಿಂದಲೇ 1956ರಲ್ಲಿ ಟೆಲಿಕಮ್ಯುನಿಕೇಶನ್ ಪದವಿ ಪಡೆದವರು ಥಾಮಸ್ ಕೈಲಾತ್. 1935ರ ಜೂನ್ 7ರಂದು ಪುಣೆಯಲ್ಲೇ, ಮಲಯಾಳಿ ಕುಟುಂಬದಲ್ಲಿ ಹುಟ್ಟಿದವರು. ಸೇಂಟ್ ವಿನ್ಸೆಂಟ್ಸ್ ಹೈಸ್ಕೂಲಿನಲ್ಲಿ ಓದಿದವರು. 1957ರಲ್ಲಿ ಎಂಐಟಿ ಸೇರಿದರು. ಆಗ ವೀನರ್, ಶಾನನ್ ಇಬ್ಬರೂ ಅಲ್ಲಿದ್ದರು. 1961ರಲ್ಲಿ ಕೈಲಾತ್ ಡಾಕ್ಟರೇಟ್ ಪಡೆದರು. ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗಿನಲ್ಲಿ ಆ ಪದವಿ ಪಡೆದ ಮೊದಲ ಭಾರತ ಸಂಜಾತ ವಿದ್ಯಾರ್ಥಿ ಅವರು. 1963ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು. ಮರುವರ್ಷ ಕಾಲ್ಮನ್ ಕೂಡ ಅಲ್ಲಿಗೇ ಬಂದರು.

ವೀನರರ ಗಣಿತ ಒಂದು ಕಡೆ, ಕಾಲ್ಮನ್ನರ ಗಣಿತ ಇನ್ನೊಂದು ಕಡೆ. ಎರಡೂ ಒಂದೇ ಕೆಲಸ ಮಾಡುತ್ತವೆ, ಆದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಇವುಗಳ ನಡುವಿನ ಸೇತುವೆಗಾಗಿ ಕೈಲಾತ್ ಬೋಡೆ-ಶಾನನ್ನರ ಹಳೆಯ ಸಲಹೆಯನ್ನು ಮತ್ತೆ ಕೈಗೆತ್ತಿಕೊಂಡರು. 1968ರ ಡಿಸೆಂಬರಿನಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು ಇಷ್ಟು: ಬರುವ ಪ್ರತಿ ಅಳತೆಯಲ್ಲೂ ಎರಡು ಪಾಲಿವೆ. ಒಂದು, ಹಳೆಯ ಅಳತೆಗಳಿಂದಲೇ ಊಹಿಸಬಹುದಾಗಿದ್ದದ್ದು. ಅದನ್ನು ಕಳೆದರೆ ಉಳಿಯುವುದು ನಿಜಕ್ಕೂ ಹೊಸದು. ಈ ಉಳಿಕೆಗಳ ಸಾಲಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರುವುದಿಲ್ಲ. ಮೂಲ ಅಳತೆಗಳಲ್ಲಿದ್ದ ಮಾಹಿತಿಯೆಲ್ಲ ಈ ಸಾಲಿನಲ್ಲಿ ಹಾಗೇ ಇರುತ್ತದೆ, ಒಂದಿಷ್ಟೂ ಸೋರಿಹೋಗಿರುವುದಿಲ್ಲ. ಸ್ವಭಾವ ಬದಲಿಸುತ್ತ ಹೋಗುವ ಸಂಕೇತಗಳಿಗೂ ಈ ಮಾತು ಹೊಂದುತ್ತದೆ. ಉಳಿಕೆಗಳಿಂದ ಹೊರಟರೆ ಕಾಲ್ಮನ್ನರ ಸೂತ್ರಗಳು ಕೆಲವೇ ಸಾಲುಗಳಲ್ಲಿ ತಾವಾಗಿ ಒದಗಿ ಬರುತ್ತವೆ.

ಕೈಲಾತರ ಉದ್ದೇಶ ಗಣಿತವನ್ನು ಹಗುರಗೊಳಿಸುವುದಾಗಿತ್ತು. ಕೆಟ್ಟ ಉಪಕರಣಗಳ ಯೋಚನೆ ಆ ಪ್ರಬಂಧದಲ್ಲಿಲ್ಲ. ಆದರೆ ಅವರು ಹೇಳಿದ್ದನ್ನು ತಿರುಗಿಸಿ ಓದಿದವರಿಗೆ ಬೇರೊಂದು ಬಾಗಿಲು ಕಂಡಿತು.

ತಿರುಗಿಸಿ ಓದಿದವರು

ಎಲ್ಲ ಸರಿಯಿದ್ದರೆ ಉಳಿಕೆಗೆ ಯಾವ ಗೊತ್ತುಗುರಿಯೂ ಇರಬಾರದು. ಹಾಗಾದರೆ ಉಳಿಕೆಯಲ್ಲಿ ಒಂದು ಒಲವು ಕಾಣಿಸಿಕೊಂಡರೆ? ಏನೋ ಸರಿಯಿಲ್ಲ ಎಂದೇ ಅರ್ಥ. ಬಸ್ ಕಂಡಕ್ಟರ್ ದಿನದ ಕೊನೆಗೆ ಟಿಕೆಟಿನ ಲೆಕ್ಕಕ್ಕೂ ಚೀಲದ ಹಣಕ್ಕೂ ತಾಳೆ ನೋಡುತ್ತಾನಲ್ಲ, ಇದೂ ಹಾಗೇ. ಇವತ್ತು ಎರಡು ರೂಪಾಯಿ ಹೆಚ್ಚು, ನಾಳೆ ಮೂರು ರೂಪಾಯಿ ಕಡಿಮೆ ಬಂದರೆ ಚಿಲ್ಲರೆಯ ಗಲಾಟೆ ಎಂದು ಡಿಪೋದಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ದಿನವೂ ಮೂರು ರೂಪಾಯಿ ಕಡಿಮೆಯೇ ಬರತೊಡಗಿದರೆ ಮೊತ್ತ ಚಿಕ್ಕದಾದರೂ ತನಿಖೆ ಶುರುವಾಗುತ್ತದೆ.

ರಾಮನ್ ಮೆಹ್ರಾ ಮತ್ತು ಪೆಶಾನ್ 1971ರಲ್ಲಿ ‘ಆಟೊಮ್ಯಾಟಿಕಾ’ ಪತ್ರಿಕೆಯಲ್ಲಿ ಈ ತನಿಖೆಯ ಕ್ರಮವನ್ನು ಬರೆದರು. ಉಳಿಕೆಗಳ ಸರಾಸರಿ ಸೊನ್ನೆಯ ಹತ್ತಿರವಿದೆಯೇ? ಅವುಗಳ ಹರವು ಫಿಲ್ಟರ್ ನಿರೀಕ್ಷಿಸಿದಷ್ಟೇ ಇದೆಯೇ? ಈ ಗಳಿಗೆಯ ಉಳಿಕೆಗೂ ಹಿಂದಿನದಕ್ಕೂ ನಂಟು ಕಾಣುತ್ತಿದೆಯೇ? ಮೂರು ಪ್ರಶ್ನೆಗೂ ಸಂಖ್ಯಾಶಾಸ್ತ್ರದ ಪರೀಕ್ಷೆಗಳಿವೆ. ಕಂಪ್ಯೂಟರು ಪ್ರತಿ ಅಳತೆಗೂ ಈ ಪರೀಕ್ಷೆ ನಡೆಸಬಹುದು. ಡಾಪ್ಲರಿನ ಉಳಿಕೆ ಇದ್ದಕ್ಕಿದ್ದಂತೆ ನಿರೀಕ್ಷೆಗಿಂತ ಹತ್ತು ಪಟ್ಟು ಹಿಗ್ಗಿದರೆ ಅದರ ಮಾತನ್ನು ಆ ಗಳಿಗೆಗೆ ಬದಿಗಿಡಬಹುದು. ಹೆಚ್ಚುವರಿ ಉಪಕರಣ ಬೇಕಾಗಿಲ್ಲ, ಸೋಸುವಿಕೆಯಲ್ಲಿ ಹೇಗೂ ಹುಟ್ಟುವ ಅಂಕಿಯೇ ಸಾಕು.

ಓರೆಯಾಗಿ ಕೂತ ಗೈರೋಗಳು

ಇದೇ ಹೊತ್ತಿಗೆ ಎಂಐಟಿಯ ಡ್ರೇಪರ್ ಪ್ರಯೋಗಾಲಯದಲ್ಲಿ ಜೆರಾಲ್ಡ್ ಗಿಲ್‌ಮೋರ್ ಮತ್ತು ರಿಚರ್ಡ್ ಮೆಕ್‌ಕರ್ನ್ ಬೇರೊಂದು ತುದಿಯಿಂದ ಬಂದರು. ಗೈರೋ ಸುಳ್ಳಾಡಿದರೆ ಹಿಡಿಯಲು ಅದರ ಪಕ್ಕ ಇನ್ನೊಂದನ್ನು ಇಡಬಹುದು. ಆದರೆ ಇಬ್ಬರೇ ಜಗಳವಾಡಿದರೆ ತಪ್ಪು ಯಾರದೆಂದು ತಿಳಿಯದು, ಮೂರನೆಯದು ಬೇಕು. ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ, ಹೀಗೆ ಮೂರು ದಿಕ್ಕಿಗೂ ಮೂರು ಮೂರು ಇಟ್ಟರೆ ಒಂಬತ್ತಾಯಿತು. ಹೆಲಿಕಾಪ್ಟರಿನಲ್ಲಿ ಪ್ರತಿ ಕಿಲೋ ತೂಕಕ್ಕೂ ಲೆಕ್ಕ ಕೊಡಬೇಕು.

1972ರಲ್ಲಿ ಪ್ರಕಟವಾದ ಅವರ ಉಪಾಯ ಸೊಗಸಾಗಿತ್ತು. ಗೈರೋಗಳನ್ನು ನೇರ ಮೂಲೆಗಳಲ್ಲಿ ಕೂರಿಸುವ ಬದಲು ಹನ್ನೆರಡು ಮುಖಗಳ ಘನಾಕೃತಿಯ ಮುಖಗಳಿಗೆ ಲಂಬವಾಗಿ ಓರೆ ಓರೆಯಾಗಿ ಕೂರಿಸಿದರು. ಎದುರುಬದುರಿನ ಮುಖಗಳಿಗೆ ಒಂದೇ ದಿಕ್ಕಾದ್ದರಿಂದ ಆರು ಗೈರೋ ಸಾಕು. ಯಾವುದೇ ಮೂರರಿಂದ ಪೂರ್ತಿ ಚಲನೆ ತಿಳಿಯುತ್ತದೆ, ನಾಲ್ಕಿದ್ದರೆ ‘ಏನೋ ತಪ್ಪಿದೆ’ ಎಂದು ಗೊತ್ತಾಗುತ್ತದೆ, ಐದಿದ್ದರೆ ತಪ್ಪಿದ್ದು ಯಾವುದೆಂದು ಹೇಳಬಹುದು. ಆರರಿಂದ ಹೊರಟರೆ ಒಂದರ ಹಿಂದೆ ಒಂದು ಎರಡು ಕೆಟ್ಟರೂ ಗುರುತಿಸಿ ತೆಗೆದು ಹಾರಾಟ ಮುಂದುವರಿಸಬಹುದು. ಒಂಬತ್ತು ಮಾಡುವುದಕ್ಕಿಂತ ಹೆಚ್ಚಿನ ಕೆಲಸ ಆರರಿಂದ ಆಯಿತು.

ತಪ್ಪಿದ್ದು ಯಾವುದೆಂದು ಗುರುತಿಸಲು ಗೈರೋಗಳ ಅಂಕಿಗಳನ್ನು ಹೇಗೆ ಬೆರೆಸಬೇಕೆಂದರೆ ಹೆಲಿಕಾಪ್ಟರಿನ ನಿಜವಾದ ಚಲನೆ ಪರಸ್ಪರ ವಜಾ ಆಗಿ, ದೋಷಗಳು ಮಾತ್ರ ಕೆಳಗೆ ನಿಲ್ಲಬೇಕು. ಪಾಟರ್ ಮತ್ತು ಸುಮನ್ 1977ರಲ್ಲಿ ಇದಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟರು. ಇಲ್ಲೂ ಕೆಲಸಕ್ಕೆ ಬಂದದ್ದು ಉಳಿಕೆಯೇ.

ನಿಧಾನವಾಗಿ ಹೇಳುವ ಸುಳ್ಳು

ಥಟ್ಟನೆ ಹಾರಿದ ಅಂಕಿಯನ್ನು ಹಿಡಿಯುವುದು ಸುಲಭ. ನಿಜವಾದ ತಲೆನೋವು ಸ್ವಲ್ಪ ಸ್ವಲ್ಪವೇ ಜಾರುವ ಉಪಕರಣ. ಪ್ರತಿ ಸಲವೂ ವ್ಯತ್ಯಾಸ ತೀರ ಸಣ್ಣದು. ಅದರ ಒಂದು ಪಾಲನ್ನು ಫಿಲ್ಟರ್ ತನ್ನ ಊಹೆಗೆ ಸೇರಿಸಿಕೊಳ್ಳುತ್ತದೆ. ಮುಂದಿನ ಊಹೆ ಅಷ್ಟರಮಟ್ಟಿಗೆ ಸುಳ್ಳಿನ ಕಡೆಗೆ ವಾಲುತ್ತದೆ. ಊಹೆಯೇ ಸುಳ್ಳಿನ ಬೆನ್ನು ಹತ್ತಿದರೆ ಉಳಿಕೆಯಲ್ಲಿ ಏನೂ ಕಾಣುವುದಿಲ್ಲ. ಪರೀಕ್ಷೆಯ ಗೆರೆಯನ್ನು ಬಿಗಿ ಮಾಡಿದರೆ ಸುಮ್ಮಸುಮ್ಮನೆ ಎಚ್ಚರಿಕೆ ಹೊಡೆದುಕೊಂಡು, ಪೈಲಟ್ ಅದನ್ನು ನಂಬುವುದನ್ನೇ ಬಿಡುತ್ತಾನೆ. ಸಡಿಲ ಮಾಡಿದರೆ ಸುಳ್ಳು ನುಸುಳುತ್ತದೆ.

ಒಟ್ಟಾವಾದ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಕೆನಡಾದ ಸೇನಾ ಹೆಲಿಕಾಪ್ಟರುಗಳ ನ್ಯಾವಿಗೇಶನ್ ಮೇಲೆ ದುಡಿಯುತ್ತಿದ್ದ ಮ್ಯಾಕ್‌ಮಿಲನ್, ಬರ್ಡ್ ಮತ್ತು ಆರ್ಡೆನ್ 1993ರಲ್ಲಿ ಬರೆದದ್ದು ಇಂಥ ಮೆದು ದೋಷಗಳನ್ನು ಹಿಡಿಯುವ ಬಗೆಗಳನ್ನೇ ಕುರಿತು. ಅದಕ್ಕೆ ಸ್ವಲ್ಪ ಮೊದಲು ನೀಲ್ ಕಾರ್ಲ್‌ಸನ್ ಒಂದೇ ದೊಡ್ಡ ಫಿಲ್ಟರನ್ನು ಒಡೆದು ಹಲವು ಮಾಡುವ ದಾರಿ ತೋರಿಸಿದ್ದರು. ಜಡತ್ವ ಯಂತ್ರ ಮತ್ತು ಡಾಪ್ಲರಿಗೆ ಒಂದು ಫಿಲ್ಟರ್, ಜಡತ್ವ ಯಂತ್ರ ಮತ್ತು ಜಿಪಿಎಸ್‌ಗೆ ಇನ್ನೊಂದು. ಮೇಲೊಬ್ಬ ಹಿರಿಯ ಎಲ್ಲರ ಉತ್ತರಗಳನ್ನು ಕೂಡಿಸುತ್ತಾನೆ. ಒಬ್ಬನ ಸುಳ್ಳು ಇನ್ನೊಬ್ಬನ ಲೆಕ್ಕಕ್ಕೆ ಇಳಿಯುವುದಿಲ್ಲ. ನಿಧಾನವಾಗಿ ಜಾರುವವನು ತನ್ನ ಫಿಲ್ಟರನ್ನು ಮರುಳು ಮಾಡಬಹುದು, ಪಕ್ಕದವನ ಉತ್ತರದಿಂದ ದೂರ ಸರಿಯುತ್ತಿರುವುದನ್ನು ಮಾತ್ರ ಮುಚ್ಚಿಡಲಾರ.

ನಮ್ಮ ಆಕಾಶದಲ್ಲಿ

ಈ ಲೆಕ್ಕ ಕರ್ನಾಟಕಕ್ಕೆ ದೂರದ್ದಲ್ಲ. ಬೆಂಗಳೂರಿನ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್ ಮೊದಲು ಹಾರಿದ್ದು 1992ರ ಆಗಸ್ಟ್ 20ರಂದು, ಅದರಿಂದ ಬೆಳೆದ ‘ಪ್ರಚಂಡ’ ಹಾರಿದ್ದು 2010ರ ಮಾರ್ಚ್ 29ರಂದು. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 ಪ್ರಚಂಡಗಳ ಖರೀದಿ ಒಪ್ಪಂದಕ್ಕೆ ಸಹಿ ಹಾಕಿತು. ಅವು ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನಲ್ಲಿ. ಹಲವು ಉಪಕರಣಗಳ ಮಾತನ್ನು ಬೆಸೆಯುವ ಲೆಕ್ಕದ ಮೇಲೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಜಿತೇಂದ್ರ ರಾವೊಲ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕೆಲಸ ಮಾಡಿ ಪುಸ್ತಕಗಳನ್ನೂ ಬರೆದರು.

ಬಾಹ್ಯಾಕಾಶದಲ್ಲೂ ಸುಳ್ಳಿನ ಭಯವಿದೆ. ನಮ್ಮದೇ ನಾವಿಕ್ ನ್ಯಾವಿಗೇಶನ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರಲ್ಲಿದ್ದ ಮೂರೂ ಆಮದು ಪರಮಾಣು ಗಡಿಯಾರಗಳು ಕೆಟ್ಟವು. ಒಂದು ಕೆಟ್ಟರೆ ಇರಲೆಂದು ಮೂರು ಇಟ್ಟದ್ದು, ಆದರೆ ಮೂರೂ ಒಂದೇ ಬಗೆಯವು. ತದ್ರೂಪಿಗಳನ್ನು ಹೆಚ್ಚಿಸಿದರೆ ಒಂದೇ ಕಾಯಿಲೆ ಎಲ್ಲರಿಗೂ ತಗುಲಬಹುದು ಎಂಬ ಹಳೆಯ ಪಾಠ ದುಬಾರಿಯಾಗಿ ಮನದಟ್ಟಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಅಹಮದಾಬಾದಿನಲ್ಲಿ ತಯಾರಾದ ಸ್ವದೇಶಿ ಗಡಿಯಾರವೂ ಇತ್ತು.

ಇನ್ನು ಬೇಕೆಂದೇ ಹೇಳುವ ಸುಳ್ಳು. 2023ರ ನವೆಂಬರಿನಿಂದ 2025ರ ಫೆಬ್ರವರಿವರೆಗೆ ಅಮೃತಸರ-ಜಮ್ಮು ಗಡಿ ಭಾಗದಲ್ಲಿ ವಿಮಾನಗಳ ಜಿಪಿಎಸ್‌ಗೆ ಅಡ್ಡಿಯಾದ ಅಥವಾ ನಕಲಿ ಸಂಕೇತ ಬಂದ 465 ಪ್ರಕರಣಗಳನ್ನು ಸರ್ಕಾರ ಸಂಸತ್ತಿಗೆ ತಿಳಿಸಿತು. ನಕಲಿ ಸಂಕೇತ ಒಮ್ಮೆಗೇ ಐದು ಕಿಲೋಮೀಟರ್ ಎಳೆದರೆ ಉಳಿಕೆ ಕೂಗಿ ಹೇಳುತ್ತದೆ. ಜಾಣ ಎದುರಾಳಿ ಹಾಗೆ ಮಾಡುವುದಿಲ್ಲ, ಇಂಚಿಂಚಾಗಿ ಎಳೆಯುತ್ತಾನೆ. ಒಟ್ಟಾವಾದವರು ಕೆಟ್ಟ ಉಪಕರಣದಲ್ಲಿ ಕಂಡ ಮೆದು ದೋಷವೇ ಈಗ ಆಯುಧವಾಗಿದೆ.

ಈ ವಿದ್ಯೆಗೂ ಮಿತಿಯಿದೆ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ಸತ್ತರು. ತನಿಖೆ ಬೊಟ್ಟು ಮಾಡಿದ್ದು ಸ್ವಾಶ್‌ಪ್ಲೇಟಿನತ್ತ, ಅಂದರೆ ಪೈಲಟ್ಟಿನ ಕೈಯ ಆಣತಿಯನ್ನು ತಿರುಗುವ ಅಲಗುಗಳಿಗೆ ದಾಟಿಸುವ ಭಾಗದತ್ತ. ಅದು ಹೆಲಿಕಾಪ್ಟರಿಗೊಂದೇ. ಅಲ್ಲಿ ಮತ ಹಾಕಲು ಎರಡನೆಯವರಿಲ್ಲ. ಆರು ಗೈರೋಗಳ ಜಾಣತನ ಲೋಹದ ಒಂಟಿ ತುಂಡಿಗೆ ಒದಗದು.

ಆದರೂ ಅರ್ಧ ಶತಮಾನದಲ್ಲಿ ಬದಲಾದದ್ದೇನು ಎಂಬುದಕ್ಕೆ ನಾಗರಿಕ ವಿಮಾನಯಾನದ ನಿಯಮಗಳೇ ಸಾಕ್ಷಿ. ಹಿಂದೆ ನ್ಯಾವಿಗೇಶನ್ ಉಪಕರಣವನ್ನು ‘ಎಷ್ಟು ಮೀಟರ್ ನಿಖರ?’ ಎಂದು ಕೇಳಿದರೆ ಮುಗಿಯುತ್ತಿತ್ತು. ಈಗ ಇನ್ನೊಂದು ಪ್ರಶ್ನೆ ಸೇರಿದೆ: ನೀನು ಸುಳ್ಳಾಡತೊಡಗಿದರೆ ಎಷ್ಟು ಸೆಕೆಂಡಿನಲ್ಲಿ ಒಪ್ಪಿಕೊಳ್ಳುತ್ತೀ? ಬೆಂಗಳೂರಿನ ಕುಂದಲಹಳ್ಳಿಯಿಂದ ನಡೆಯುವ, ಜಿಪಿಎಸ್ ಅಳತೆಯನ್ನು ತಿದ್ದಿ ಕೊಡುವ ಗಗನ್ ವ್ಯವಸ್ಥೆ ಇಳಿದಾಣಕ್ಕೆ ದಾರಿ ತೋರಿಸಲು ಮನ್ನಣೆ ಪಡೆದ ದರ್ಜೆಯಲ್ಲಿ, ಅಂತರರಾಷ್ಟ್ರೀಯ ನಿಯಮದಂತೆ ಆ ಗಡುವು 10 ಸೆಕೆಂಡು. ಗಂಟೆಗೆ 180 ಕಿಲೋಮೀಟರ್ ವೇಗದ ಹೆಲಿಕಾಪ್ಟರ್ ಅಷ್ಟರಲ್ಲಿ 500 ಮೀಟರ್ ಸಾಗಿರುತ್ತದೆ. ಬಯಲಿನಲ್ಲಿ ಅದು ಏನೂ ಅಲ್ಲ. ಲಡಾಖಿನ ಕಣಿವೆಯಲ್ಲಿ ಅಷ್ಟು ಸಾಕು, ಎದುರಿನ ಗೋಡೆ ಮುಟ್ಟಲು. ಆದ್ದರಿಂದ ಸೇನೆಯ ಹೆಲಿಕಾಪ್ಟರಿನ ಮುಂದಿನ ಪೈಪೋಟಿ ಮೀಟರುಗಳಿಗಿಂತ ಹೆಚ್ಚಾಗಿ ಈ ಸೆಕೆಂಡುಗಳದ್ದು. ಅವನ್ನು ಇಳಿಸಲು ಕೈಯಲ್ಲಿರುವ ಸಲಕರಣೆಗಳಲ್ಲಿ ಮೊದಲನೆಯದು ಇಂದಿಗೂ ಊಹೆಯನ್ನು ಅಳತೆಯಿಂದ ಕಳೆಯುವ ಆ ಸರಳ ಲೆಕ್ಕವೇ.